ಹಳೆಯ ಫೋಟೊದಲ್ಲೇ ಇದ್ದ ಎರಿಸ್

ಹಾಸನದಲ್ಲಿದ್ದುಕೊಂಡು ಆಕಾಶದ ವಿಷಯ ಬರೆದರೆ ಜನ ಮೊದಲು ಕೇಳುವುದು "ಎಂಸಿಎಫ್‌ನಲ್ಲಿ ಕೆಲಸಾನಾ ಸಾರ್?" ಅಂತ. ಅಲ್ಲ. ನನ್ನದು ಹಾರ್ಡ್‌ವೇರ್ ಅಂಗಡಿ. ಪೈಪು, ನಲ್ಲಿ, ಪೇಂಟು, ಮೊಳೆ ಮಾರುತ್ತೇನೆ. ಸಾಲಗಾಮೆ ರಸ್ತೆಯಲ್ಲಿರುವ ಎಂಸಿಎಫ್‌ನ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ, ಆ ದೊಡ್ಡ ಆಂಟೆನಾಗಳನ್ನು ಊರಿನ ಎಲ್ಲರ ಹಾಗೆ ನಾನೂ ಹೊರಗಿಂದಲೇ ನೋಡಿದವನು. 1982ರಿಂದ ಇಸ್ರೋದವರು ಅಲ್ಲಿ ಕೂತು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಟಿವಿ, ಹವಾಮಾನ, ಫೋನು ಎಲ್ಲಕ್ಕೂ ಬೇಕಾದ ಉಪಗ್ರಹಗಳು. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾವೂ ಸುತ್ತುವುದರಿಂದ ಅವು ನಮ್ಮ ತಲೆಯ ಮೇಲೆ ಒಂದೇ ಕಡೆ ನಿಂತಂತೆ ಇರುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಬರೆಯಬೇಕು ಅಂದುಕೊಂಡಿರುವುದು ಎರಿಸ್ ಬಗ್ಗೆ. ಸೌರಮಂಡಲದ ದೂರದ ಅಂಚಿನಲ್ಲಿ ಸೂರ್ಯನನ್ನು ಸುತ್ತುವ ಒಂದು ಕುಬ್ಜ ಗ್ರಹ ಅದು. ಹೆಸರು ಕೇಳಿದವರಿಗೂ ಅದರ ಬಗ್ಗೆ ಗೊತ್ತಿರುವುದು ಒಂದೇ ವಿಷಯ. ಪ್ಲೂಟೊ ಗ್ರಹದ ಪಟ್ಟ ಕಳೆದುಕೊಂಡಿದ್ದು ಇದರಿಂದ ಅಂತ. ಮಾತು ನಿಜವೇ. ಆದರೆ ಪಾಪ, ಎಲ್ಲಿ ಹೋದರೂ ಅದಕ್ಕೆ ಪ್ಲೂಟೊ ಕತೆಯ ವಿಲನ್ ಪಾತ್ರ ಮಾತ್ರ. ಅದರದ್ದೇ ಒಂದು ಕತೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಪ್ಲೂಟೊ ಜಗಳಕ್ಕಿಂತ ಜಾಸ್ತಿ ಸ್ವಾರಸ್ಯದ್ದು.

2003ರ ಅಕ್ಟೋಬರ್ 21. ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟ. ಅಲ್ಲಿ 48 ಇಂಚಿನ ಸ್ಯಾಮುಯೆಲ್ ಆಸ್ಚಿನ್ ದೂರದರ್ಶಕವಿದೆ. ಅದಕ್ಕೆ 112 ಸಿಸಿಡಿ ಚಿಪ್‌ಗಳ ಒಂದು ಭಾರೀ ಕ್ಯಾಮೆರಾ ಕೂರಿಸಿದ್ದರು. ಕೆಲಸ ನಡೆಯುವ ರೀತಿ ಸರಳ. ಆಕಾಶದ ಒಂದು ತುಂಡಿನ ಫೋಟೊ ತೆಗೆಯುವುದು. ಒಂದೂವರೆ ಗಂಟೆ ಬಿಟ್ಟು ಅದೇ ತುಂಡಿನದು ಇನ್ನೊಂದು. ಮತ್ತೆ ಒಂದೂವರೆ ಗಂಟೆ ಬಿಟ್ಟು ಮೂರನೆಯದು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಯಾವ ಚುಕ್ಕಿ ಜಾಗ ಬದಲಿಸಿದೆಯೋ ಅದು ಸೌರಮಂಡಲದ್ದು. ಇಷ್ಟನ್ನೂ ಮನುಷ್ಯರು ಕೂತು ನೋಡಲು ಆಗುವುದಿಲ್ಲ. ಅದಕ್ಕೇ ಒಂದು ಕಂಪ್ಯೂಟರ್ ಪ್ರೋಗ್ರಾಂ ಚುಕ್ಕಿಗಳನ್ನು ಹೋಲಿಸಿ, ಅನುಮಾನ ಬಂದವನ್ನು ಆರಿಸಿ ಕೊಡುತ್ತಿತ್ತು. ಅದನ್ನು ನೋಡುತ್ತಿದ್ದವರು ಮೂವರು: ಮೈಕ್ ಬ್ರೌನ್, ಚಾಡ್ ಟ್ರುಹಿಯೊ, ಡೇವಿಡ್ ರಾಬಿನೊವಿಟ್ಸ್.

ಆ ರಾತ್ರಿಯ ಮೂರೂ ಫೋಟೊಗಳಲ್ಲಿ ಎರಿಸ್ ಇತ್ತು. ಪ್ರೋಗ್ರಾಂ ಅದನ್ನು ನೋಡಿಯೂ ನೋಡಿತು, ಎತ್ತಿ ಆಚೆ ಹಾಕಿತು.

ಯಾಕೆ ಅಂದರೆ ಅದು ತೀರಾ ನಿಧಾನ. ಗಂಟೆಗೆ ಒಂದೂವರೆ ಆರ್ಕ್ ಸೆಕೆಂಡಿಗಿಂತ ಕಮ್ಮಿ ಸರಿಯುವ ಯಾವುದನ್ನೂ ಲೆಕ್ಕಕ್ಕೆ ತಗೋಬೇಡ ಅಂತ ಪ್ರೋಗ್ರಾಂಗೆ ಹೇಳಿಟ್ಟಿದ್ದರು. ಆರ್ಕ್ ಸೆಕೆಂಡ್ ಅಂದರೆ ಎಷ್ಟು? ಹುಣ್ಣಿಮೆ ಚಂದ್ರನ ಅಗಲ ಸುಮಾರು 1,800 ಆರ್ಕ್ ಸೆಕೆಂಡ್. ಗಂಟೆಗೆ ಒಂದೂವರೆಯಂತೆ ಹೋದರೆ ಚಂದ್ರನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಲುಪಲು 50 ದಿನ ಬೇಕು. ಇಷ್ಟು ನಿಧಾನದ್ದನ್ನೂ ಹಿಡಿಯಹೊರಟರೆ ಗಾಳಿಯ ನಡುಕ, ಕ್ಯಾಮೆರಾದ ದೋಷ, ಎಲ್ಲವೂ ಗ್ರಹದ ವೇಷ ಹಾಕಿಕೊಂಡು ಬರುತ್ತವೆ. ಸಾವಿರ ಸುಳ್ಳು ಚುಕ್ಕಿಗಳ ರಾಶಿ ಬೀಳುತ್ತದೆ. ಹಾಗಾಗಿ ಆ ಮಿತಿ ದಡ್ಡತನದ್ದಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಇಡುತ್ತಿದ್ದರು.

ಇಲ್ಲೊಂದು ತಮಾಷೆ ಇದೆ. ಆ ಫೋಟೊಗಳಲ್ಲಿ ಚುಕ್ಕಿ ಸರಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಚುಕ್ಕಿ ಅಲ್ಲವೇ ಅಲ್ಲ, ನಾವು. ಚಿಕ್ಕಮಗಳೂರಿನಿಂದ ಬೇಲೂರು ಕಡೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ರಸ್ತೆ ಅಂಚಿನ ಸಿಲ್ವರ್ ಓಕ್ ಮರಗಳು ಸರಸರ ಹಿಂದಕ್ಕೆ ಓಡುತ್ತವೆ. ತೋಟದಾಚೆಯ ಮನೆ ಸಾವಕಾಶವಾಗಿ ಹೋಗುತ್ತದೆ. ದೂರದ ಬೆಟ್ಟದ ಸಾಲು ಮಾತ್ರ ಅರ್ಧ ಗಂಟೆಯಾದರೂ ಕಿಟಕಿ ಬಿಟ್ಟು ಕದಲುವುದಿಲ್ಲ. ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುವ ಬಸ್ಸು. ಹತ್ತಿರದ ಮಂಗಳ, ಗುರು ಬೇಗ ಜಾಗ ಬದಲಿಸುತ್ತವೆ. ಎರಿಸ್ ಆ ಬೆಟ್ಟದ ಸಾಲಿನಲ್ಲಿದೆ. ಎಷ್ಟು ನಿಧಾನವೋ ಅಷ್ಟು ದೂರ. ಅಂದರೆ ನಿಧಾನದ್ದನ್ನು ಬಿಟ್ಟುಬಿಡು ಅಂತ ಹೇಳಿದ್ದು, ಗೊತ್ತಿಲ್ಲದೆಯೇ, ದೂರದ್ದನ್ನು ಬಿಟ್ಟುಬಿಡು ಅಂತ ಹೇಳಿದ ಹಾಗಾಯಿತು.

ಮುಂದಿನ ತಿಂಗಳೇ, ನವೆಂಬರ್ 14ಕ್ಕೆ, ಅದೇ ತಂಡಕ್ಕೆ ಸೆಡ್ನಾ ಅನ್ನುವ ಇನ್ನೊಂದು ಆಕಾಶಕಾಯ ಸಿಕ್ಕಿತು. ಭೂಮಿ–ಸೂರ್ಯರ ನಡುವಿನ ದೂರದ 90 ಪಟ್ಟು ಆಚೆ. ಅದು ಸರಿಯುತ್ತಿದ್ದುದು ಗಂಟೆಗೆ 1.75 ಆರ್ಕ್ ಸೆಕೆಂಡ್. ಮಿತಿಯ ಗೆರೆಯನ್ನು ಕೂದಲೆಳೆಯಲ್ಲಿ ದಾಟಿ ಬಂದಿತ್ತು. ಇದೇ ಇಷ್ಟು ಹತ್ತಿರ ಬಂದು ತಪ್ಪಿಸಿಕೊಳ್ಳುವುದರಲ್ಲಿತ್ತು, ಇನ್ನೂ ಆಚೆ ಇರುವವು ಎಷ್ಟು ಹೋಗಿರಬೇಡ? ಮಿತಿಯನ್ನು ಇಳಿಸಿದರು. ಹೊಸ ಫೋಟೊ ತೆಗೆಯಲಿಲ್ಲ. ಹಳೆಯದನ್ನೇ ಮತ್ತೆ ಸೋಸಿದರು. ನಿರೀಕ್ಷಿಸಿದಂತೆ ಸುಳ್ಳು ಚುಕ್ಕಿಗಳ ರಾಶಿ ಬಿತ್ತು. ಅವನ್ನು ಕಣ್ಣಲ್ಲೇ ಒಂದೊಂದಾಗಿ ನೋಡುತ್ತಾ ಹೋದರು. 2005ರ ಜನವರಿ 5ರಂದು ಎರಿಸ್ ಸಿಕ್ಕಿತು. ಫೋಟೊ ತೆಗೆದು ಒಂದು ವರ್ಷದ ಮೇಲೆ ಎರಡು ತಿಂಗಳು ಕಳೆದಿತ್ತು.

2004 ಮುಗಿಯುವುದರೊಳಗೆ ಹತ್ತನೇ ಗ್ರಹ ಸಿಗುತ್ತದೆ ಅಂತ ಬ್ರೌನ್ ಬಾಜಿ ಕಟ್ಟಿದ್ದರಂತೆ. ಐದು ದಿನದಲ್ಲಿ ಸೋತರು!

ಆಮೇಲೆ ಇನ್ನೂ ಹಳೆಯ ಫೋಟೊಗಳನ್ನು ಹುಡುಕಿದಾಗ 1954ರ ಪಾಲೊಮಾರ್ ಫೋಟೊದಲ್ಲೂ ಎರಿಸ್ ಕೂತಿತ್ತು. ಐವತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದಕ್ಕೆ ನಿಧಾನ ಒಂದೇ ಕಾರಣವಲ್ಲ. ಗ್ರಹಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಹುಡುಕುವವರು ಸಹಜವಾಗಿ ಅದೇ ಪಟ್ಟಿಯಲ್ಲಿ ಹುಡುಕುತ್ತಾರೆ. ಎರಿಸ್‌ನ ದಾರಿ ಅದಕ್ಕೆ 44 ಡಿಗ್ರಿ ಓರೆ. ಎಲ್ಲರೂ ಪೇಟೆ ಬೀದಿಯಲ್ಲಿ ಹುಡುಕುವಾಗ ಇದು ತೋಟದ ದಾರಿ ಹಿಡಿದಿತ್ತು.

ನನ್ನ ತಮ್ಮನ ಮಗ ಪಿಯುಸಿ ಓದುತ್ತಿದ್ದಾನೆ. ಎರಿಸ್ ಸಿಕ್ಕಿದ ಆ ಮೂರು ಫೋಟೊಗಳು ಇಂಟರ್‌ನೆಟ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಒಂದು ಭಾನುವಾರ ರಾತ್ರಿ ಅವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಯಾವ ಚುಕ್ಕಿ ಅಂತ ಹೇಳದೆ, ಒಂದರ ಮೇಲೊಂದು ತಿರುವಿ ತೋರಿಸಿದೆ. ಬೂದು ಬಣ್ಣದ ಹಿನ್ನೆಲೆ, ಮರಳು ಚೆಲ್ಲಿದ ಹಾಗೆ ಚುಕ್ಕಿಗಳು. ಮೊದಲನೇದು, ಎರಡನೇದು, ಮೂರನೇದು, ಮತ್ತೆ ಮೊದಲನೇದು. ಹುಡುಗ ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿದ.

"ದೊಡ್ಡಪ್ಪ, ಸಿಕ್ತು! ಇದೇ!"

"ಅದು ಅಲ್ಲಾಡ್ತಾನೇ ಇಲ್ವಲ್ಲೋ."

"ನಿಧಾನ ಅಲ್ವಾ, ಅದಕ್ಕೆ."

ನಾನು ಬೆರಳಲ್ಲಿ ಒರೆಸಿದೆ. ಗ್ರಹ ಬೆರಳಿಗೆ ಬಂತು. ಕೋಡುಬಳೆ ಚೂರು. ಅವನಿಗೆ ನಗು ತಡೆಯಲಾಗಲಿಲ್ಲ. ಆದರೆ ಆಮೇಲೆ ಸುಮ್ನೆ ಕೂತು ಹುಡುಕಿದ. ಕೊನೆಗೆ ನಿಜವಾದದ್ದು ಸಿಕ್ಕಿತು. ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ನೋಡಿ, ಬೇರೆ ಏನೂ ಕಾಣುವುದಿಲ್ಲ. ಸಾವಿರ ಚುಕ್ಕಿಗಳ ನಡುವೆ ಅದೊಂದೇ ಚೂರು ಚೂರು ಕುಪ್ಪಳಿಸುತ್ತದೆ. ಅಷ್ಟು ಹೊತ್ತು ಇದು ಹೇಗೆ ಕಾಣಲಿಲ್ಲ ಅಂತ ನಮಗೇ ಆಶ್ಚರ್ಯ.

ಸುದ್ದಿ ಹೊರಬಿದ್ದ ಬಗೆಯೂ ಸಲೀಸಾಗಿರಲಿಲ್ಲ. ಬ್ರೌನ್ ತಂಡದ ಕೈಯಲ್ಲಿ ಆಗ ಮೂರು ದೊಡ್ಡ ಆಕಾಶಕಾಯಗಳಿದ್ದವು. ಪೂರ್ತಿ ಲೆಕ್ಕ ಹಾಕಿ ನಿಧಾನವಾಗಿ ಪ್ರಕಟಿಸೋಣ ಅಂತಿದ್ದರು. 2005ರ ಜುಲೈ ಕೊನೆಯಲ್ಲಿ ಸ್ಪೇನಿನ ಒಂದು ತಂಡ ಅವುಗಳಲ್ಲಿ ಒಂದನ್ನು, ಈಗ ಹೌಮಿಯಾ ಅನ್ನುತ್ತೇವಲ್ಲ ಅದನ್ನು, ತಾನು ಕಂಡಿದ್ದಾಗಿ ಪ್ರಕಟಿಸಿತು. ತಾವು ದೂರದರ್ಶಕವನ್ನು ಎತ್ತ ತಿರುಗಿಸಿದ್ದೆವು ಅನ್ನುವ ದಾಖಲೆ ಇಂಟರ್‌ನೆಟ್‌ನಲ್ಲಿ ಯಾರಿಗೆ ಬೇಕಾದರೂ ಸಿಗುವಂತಿದೆ ಅಂತ ಬ್ರೌನ್‌ಗೆ ಆಗ ಗೊತ್ತಾಯಿತು. ಉಳಿದ ಎರಡೂ ಕೈತಪ್ಪೀತು ಅಂತ ಜುಲೈ 29ರಂದು ಗಡಿಬಿಡಿಯಲ್ಲಿ ಎರಿಸ್ ಮತ್ತು ಮಾಕೆಮಾಕೆ ಎರಡನ್ನೂ ಲೋಕಕ್ಕೆ ಹೇಳಿದರು. ಪ್ಲೂಟೊಗಿಂತ ದೊಡ್ಡದು, ಹತ್ತನೇ ಗ್ರಹ ಅಂತ ಪತ್ರಿಕೆಗಳು ಬರೆದವು.

ಮುಂದಿನದು ನಿಮಗೆ ಗೊತ್ತು. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಖಗೋಳ ವಿಜ್ಞಾನಿಗಳು ಸೇರಿ ಗ್ರಹ ಅಂದರೇನು ಅಂತ ವೋಟು ಹಾಕಿ ತೀರ್ಮಾನಿಸಿದರು. ಸೂರ್ಯನ ಸುತ್ತ ತಿರುಗಬೇಕು, ಗುಂಡಗಿರಬೇಕು, ತನ್ನ ದಾರಿಯಲ್ಲಿ ಬೇರೆಯವರನ್ನು ಉಳಿಸದ ಹಾಗೆ ಯಜಮಾನಿಕೆ ಮಾಡಬೇಕು. ಮೂರನೇದರಲ್ಲಿ ಪ್ಲೂಟೊ, ಎರಿಸ್ ಎರಡೂ ಫೇಲು. ಎರಡೂ ಕುಬ್ಜ ಗ್ರಹಗಳಾದವು. ಅದೇ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಎರಿಸ್ ಅಂತ ಜಗಳದ ಗ್ರೀಕ್ ದೇವತೆಯ ಹೆಸರು ಇಟ್ಟರು, ತಕ್ಕ ಹೆಸರೇ. ನಮ್ಮ ಬೀದಿಯ ಹಿರಿಯರೊಬ್ಬರು ಆಗ ಅಂಗಡಿಗೆ ಬಂದು "ಒಂಬತ್ತರಲ್ಲಿ ಒಂದು ಹೋಯ್ತಂತೆ, ಇನ್ನು ನವಗ್ರಹ ಪೂಜೆ ಗತಿ ಏನಪ್ಪಾ?" ಅಂತ ನಿಜವಾಗಲೂ ಚಿಂತೆಯಿಂದ ಕೇಳಿದ್ದರು. ನವಗ್ರಹದಲ್ಲಿ ಪ್ಲೂಟೊ ಯಾವತ್ತೂ ಇರಲಿಲ್ಲ, ರಾಹು ಕೇತು ಸೇರಿ ಒಂಬತ್ತು ಅಂದಾಗ ಸಮಾಧಾನವಾಗಿ ಅರ್ಧ ಇಂಚಿನ ಎರಡು ಎಲ್ಬೋ ತಗೊಂಡು ಹೋದರು.

ಎರಿಸ್ ನಿಜವಾಗಿ ಪ್ಲೂಟೊಗಿಂತ ದೊಡ್ಡದಾ? ಉತ್ತರ ಸಿಕ್ಕಿದ ಬಗೆ ನನಗೆ ತುಂಬಾ ಇಷ್ಟ. ಎಂಥ ದೂರದರ್ಶಕದಲ್ಲೂ ಎರಿಸ್ ಒಂದು ಚುಕ್ಕಿಗಿಂತ ಸ್ವಲ್ಪವೇ ಜಾಸ್ತಿ. ಅದರ ಅಗಲವನ್ನು ಸ್ಕೇಲ್ ಇಟ್ಟು ಅಳೆದ ಹಾಗೆ ಅಳೆಯಲು ಆಗುವುದಿಲ್ಲ. ಆದರೆ 2010ರ ನವೆಂಬರ್ 6ರಂದು ಅದು ಒಂದು ಮಂಕು ನಕ್ಷತ್ರದ ಎದುರಿಗೆ ಹಾದುಹೋಯಿತು. ನಕ್ಷತ್ರ ಕೆಲವು ಸೆಕೆಂಡು ಪೂರ್ತಿ ಮರೆಯಾಗುತ್ತದೆ. ನಕ್ಷತ್ರ ಎಷ್ಟೋ ದೂರ ಇರುವುದರಿಂದ ಅದರ ಬೆಳಕಿನಲ್ಲಿ ಭೂಮಿಯ ಮೇಲೆ ಬೀಳುವ ಎರಿಸ್‌ನ ನೆರಳು ಎರಿಸ್‌ನಷ್ಟೇ ಅಗಲ. ಆ ನೆರಳು ಎಲ್ಲಿ ಹಾಯುತ್ತದೆ ಅನ್ನುವುದು ಮೊದಲೇ ಖಚಿತವಿರಲಿಲ್ಲ. ಹಲವು ಕಡೆ ಕಾದು ಕೂತಿದ್ದರು. ಸಿಕ್ಕಿದ್ದು ಚಿಲಿ ದೇಶದ ಎರಡು ಜಾಗಗಳಲ್ಲಿ ಮಾತ್ರ. ಲಾ ಸಿಲ್ಲಾದಲ್ಲಿ ನಕ್ಷತ್ರ ಸ್ವಲ್ಪ ಹೊತ್ತು ಮರೆಯಾಯಿತು, ಸಾನ್ ಪೆಡ್ರೊ ದೆ ಅಟಕಾಮಾದಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು. ಲಾ ಸಿಲ್ಲಾದ ದೂರದರ್ಶಕ ಬರೀ 60 ಸೆಂ.ಮೀ.ನದ್ದು. ಎಷ್ಟು ಸೆಕೆಂಡು ಮರೆ, ನೆರಳಿನ ವೇಗ ಎಷ್ಟು, ಎರಡೂ ಗೊತ್ತಾದರೆ ಒಂದು ವೃತ್ತದಲ್ಲಿ ಎರಡು ಗೆರೆ ಎಳೆದ ಹಾಗಾಯಿತು. ಉಳಿದದ್ದು ಹೈಸ್ಕೂಲ್ ಗಣಿತ. ವ್ಯಾಸ 2,326 ಕಿ.ಮೀ.

2015ರ ಜುಲೈನಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಪಕ್ಕದಲ್ಲೇ ಹಾದುಹೋದಾಗ ಅದರ ವ್ಯಾಸವೂ ಖಚಿತವಾಯಿತು. 2,377 ಕಿ.ಮೀ. ಅಂದರೆ ಪ್ಲೂಟೊನೇ ಒಂದು 50 ಕಿ.ಮೀ. ದೊಡ್ಡದು. ಹಾಸನದಿಂದ ಶ್ರವಣಬೆಳಗೊಳಕ್ಕೆ ಎಷ್ಟೋ ಅಷ್ಟು. ಯಾವ ಕಾರಣಕ್ಕೆ ಪ್ಲೂಟೊ ಮನೆ ಬಿಡಬೇಕಾಯಿತೋ ಆ ಕಾರಣವೇ ಅಳತೆಯಲ್ಲಿ ಸುಳ್ಳಾಯಿತು. ಹಾಗಂತ ತೀರ್ಪು ಬದಲಾಗುವುದಿಲ್ಲ, ದಾರಿಯ ಯಜಮಾನಿಕೆ ಇಬ್ಬರಿಗೂ ಇಲ್ಲವಲ್ಲ.

ತೂಕದಲ್ಲಿ ಮಾತ್ರ ಎರಿಸ್ ಗೆಲ್ಲುತ್ತದೆ. ಪ್ಲೂಟೊಗಿಂತ ಶೇ. 27 ಜಾಸ್ತಿ. ಗಾತ್ರ ಕಮ್ಮಿ, ತೂಕ ಜಾಸ್ತಿ ಅಂದರೆ ಒಳಗೆ ಮಂಜುಗಡ್ಡೆಗಿಂತ ಬಂಡೆಯದ್ದೇ ದೊಡ್ಡ ಪಾಲು. ತೂಕ ಹೇಳಿಕೊಟ್ಟಿದ್ದು ಅದರ ಚಂದ್ರ ಡಿಸ್ನೋಮಿಯಾ. 2005ರ ಸೆಪ್ಟೆಂಬರ್‌ನಲ್ಲಿ ಹವಾಯಿಯ ಕೆಕ್ ದೂರದರ್ಶಕದಲ್ಲಿ ಕಂಡಿದ್ದು. ಚಂದ್ರ ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೊಮ್ಮೆ ಸುತ್ತುತ್ತದೆ ಅಂತ ಗೊತ್ತಾದರೆ ಅದನ್ನು ಹಿಡಿದಿಟ್ಟುಕೊಂಡಿರುವ ಒಡೆಯನ ತೂಕ ತಾನಾಗಿ ಸಿಗುತ್ತದೆ.

ಈಗ ಹಾಸನದವರು ಕಿವಿ ಕೊಡಬೇಕು. ಡಿಸ್ನೋಮಿಯಾ ಎರಿಸ್‌ನಿಂದ ಇರುವುದು ಸುಮಾರು 37,000 ಕಿ.ಮೀ. ದೂರದಲ್ಲಿ. ಒಂದು ಸುತ್ತಿಗೆ ಸುಮಾರು 15.8 ದಿನ. ಎರಿಸ್ ತನ್ನ ಸುತ್ತ ತಾನು ತಿರುಗುವುದಕ್ಕೂ ಅಷ್ಟೇ ದಿನ ಅಂತ 2023ರ ಹೊತ್ತಿಗೆ ಗೊತ್ತಾಯಿತು. ಎರಡಕ್ಕೂ ಒಂದೇ ಲಯ. ಹಾಗಾಗಿ ಎರಿಸ್ ನೆಲದ ಮೇಲೆ ನಿಂತವನಿಗೆ ಆ ಚಂದ್ರ ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ಸಾಲಗಾಮೆ ರಸ್ತೆಯವರು ಕಾಯುವ ಉಪಗ್ರಹದ ಹಾಗೆ ಆಕಾಶದ ಒಂದೇ ಜಾಗದಲ್ಲಿ ನಿಂತಿರುತ್ತದೆ. ಅಗಲದಲ್ಲಿ ನಮ್ಮ ಚಂದ್ರನ ಎರಡರಷ್ಟು ಕಂಡೀತು. ಇನ್ನೊಂದು ಮಗ್ಗುಲಲ್ಲಿ ನಿಂತವನಿಗೆ ತನಗೊಂದು ಚಂದ್ರ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಆಂಟೆನಾ ಬೇಡ, ಕಂಟ್ರೋಲ್ ರೂಮ್ ಬೇಡ, ತೂಕ ಮತ್ತು ಕಾಲ ಎರಡೇ ಸೇರಿ ಈ ಕೆಲಸ ಮಾಡಿ ಮುಗಿಸಿವೆ.

ಎರಿಸ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 96ರಷ್ಟನ್ನು ವಾಪಸ್ ಕಳಿಸುತ್ತದೆ. ಸೌರಮಂಡಲದಲ್ಲಿ ಇಷ್ಟು ಬೆಳ್ಳಗಿರುವವು ತೀರಾ ಕಮ್ಮಿ. ಚಂದ್ರ ಡಿಸ್ನೋಮಿಯಾ ಇದಕ್ಕೆ ಪೂರ್ತಿ ಉಲ್ಟಾ, ಕಗ್ಗಪ್ಪು. ಎರಿಸ್‌ನ ಬಿಳುಪಿಗೆ ಕಾರಣ ಮೀಥೇನ್ ಹಿಮ. ಅದರ ದಾರಿ ಗುಂಡಗಿಲ್ಲ, ಉದ್ದಕ್ಕೆ ಎಳೆದ ಹಾಗಿದೆ. ಸೂರ್ಯನಿಗೆ ಹತ್ತಿರ ಬಂದಾಗ ಭೂಮಿ–ಸೂರ್ಯ ದೂರದ 38 ಪಟ್ಟು, ದೂರ ಹೋದಾಗ ಸುಮಾರು 98 ಪಟ್ಟು. 1977ರ ಸುಮಾರಿಗೆ ತೀರಾ ದೂರದ ತುದಿ ಮುಟ್ಟಿ ಈಗ ವಾಪಸ್ ಹೊರಟಿದೆ. ಈ ದೂರದಲ್ಲಿ ಚಳಿ ಸೊನ್ನೆಗಿಂತ 240 ಡಿಗ್ರಿ ಕೆಳಗೆ. ಅದಕ್ಕೆ ಗಾಳಿ ಅಂತ ಏನಾದರೂ ಇದ್ದರೆ ಅದೆಲ್ಲ ಹೆಪ್ಪುಗಟ್ಟಿ ನೆಲಕ್ಕೆ ಬಿದ್ದಿರಬೇಕು ಅಂತ ವಿಜ್ಞಾನಿಗಳ ಊಹೆ. ಹತ್ತಿರ ಬಂದಾಗ, ಅಂದರೆ 2257ರ ಆಸುಪಾಸಿನಲ್ಲಿ, ಅದರಲ್ಲಿ ಸ್ವಲ್ಪ ಮತ್ತೆ ಗಾಳಿಯಾಗಿ ಏಳಬಹುದು.

ಅಲ್ಲಿಂದ ಸೂರ್ಯ ಹೇಗೆ ಕಾಣುತ್ತಾನೆ ಅಂತ ಲೆಕ್ಕ ಹಾಕಿದೆ. ತಟ್ಟೆಯ ಆಕಾರ ಇರುವುದಿಲ್ಲ, ಒಂದು ಚೂಪು ಚುಕ್ಕಿ. ನಮಗೆ ಸಿಗುವ ಬೆಳಕಿನ ಒಂಬತ್ತು ಸಾವಿರದಲ್ಲಿ ಒಂದು ಪಾಲು. ಕತ್ತಲೆಯೇ ಅಂದುಕೊಂಡಿದ್ದರೆ ಅಲ್ಲ. ಅಷ್ಟಾದರೂ ಅದು ನಲವತ್ತು ಹುಣ್ಣಿಮೆ ಚಂದ್ರರಷ್ಟು ಬೆಳಕು. ಅಂಗಡಿ ಬಿಲ್ಲು ಆರಾಮಾಗಿ ಓದಬಹುದು. ಆ ಬೆಳಕು ಸೂರ್ಯನಿಂದ ಅಲ್ಲಿಗೆ ಹೋಗಲು 13 ಗಂಟೆಗೂ ಮೇಲೆ ಬೇಕು. ಅಲ್ಲಿ ತಾಗಿ ನಮ್ಮ ಕಡೆ ಬರಲು ಇನ್ನೊಂದಷ್ಟು. ಪಾಲೊಮಾರ್ ಕ್ಯಾಮೆರಾಗೆ ಬಿದ್ದ ಬೆಳಕು ಸೂರ್ಯನಿಂದ ಹೊರಟಿದ್ದು ಹಿಂದಿನ ದಿನ.

ಸೂರ್ಯನ ಸುತ್ತ ಒಂದು ಸುತ್ತಿಗೆ ಎರಿಸ್‌ಗೆ ಸುಮಾರು 560 ವರ್ಷ ಬೇಕು. ಗುರುವಿಗೆ ಹನ್ನೆರಡು ವರ್ಷದ ಹತ್ತಿರ, ನಮ್ಮ ಬೆಳಗೊಳದ ಮಹಾಮಸ್ತಕಾಭಿಷೇಕದ ಲೆಕ್ಕಕ್ಕೆ ಹೆಚ್ಚುಕಮ್ಮಿ ಸರಿ. ಆದರೆ ಎರಿಸ್ ನೋಡಿ: 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಮೇಲೆ ಅದು ಇನ್ನೂ ಎರಡು ಸುತ್ತು ಪೂರ್ತಿ ಮಾಡಿಲ್ಲ. ವಿಷ್ಣುವರ್ಧನ ಬೇಲೂರಿನ ಗುಡಿ ಕಟ್ಟಿಸಿದ ಮೇಲೆ ಒಂದೂವರೆ ಸುತ್ತಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಇಂಥದ್ದನ್ನು ಮೂರು ಗಂಟೆಯ ಮೂರು ಫೋಟೊದಲ್ಲಿ ಹಿಡಿದರು ಅನ್ನುವುದೇ ನನಗೆ ಸೋಜಿಗ.

ಹಳೆಯ ಫೋಟೊ ಕೆದಕುವ ಕೆಲಸ ಅಲ್ಲಿಗೇ ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿರುವ ಸಿಹಾವೊ ಚೆಂಗ್ ಮತ್ತು ಜೊತೆಗಾರರು ಇನ್ನೊಂದನ್ನು ಪ್ರಕಟಿಸಿದರು. ಹೆಸರು 2017 ಒಎಫ್201, ಅಗಲ ಸುಮಾರು 700 ಕಿ.ಮೀ. ಒಂದು ಸುತ್ತಿಗೆ 25,000 ವರ್ಷದ ಲೆಕ್ಕ. ಅವರೂ ಇದಕ್ಕಾಗಿ ಹೊಸದಾಗಿ ಆಕಾಶ ನೋಡಿದ್ದಲ್ಲ. ಬೇರೆ ಕೆಲಸಕ್ಕೆ ತೆಗೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಫೋಟೊಗಳಲ್ಲಿ, ಏಳು ವರ್ಷದ ಉದ್ದಕ್ಕೂ ಚದುರಿಹೋಗಿದ್ದ ಚುಕ್ಕಿಗಳನ್ನು ಪೋಣಿಸಿದ್ದು. ಇದನ್ನು ಓದಿದ ಮೇಲೆ ತಮ್ಮನ ಮಗ ಮೊಬೈಲ್ ಗೇಮ್ ಬಿಟ್ಟಿದ್ದಾನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಕಮ್ಮಿ ಮಾಡಿದ್ದಾನೆ.

ಈಗ ಇಬ್ಬರದೂ ಒಂದು ಪ್ಲಾನ್ ಇದೆ. ಎರಿಸ್ ಬರಿಗಣ್ಣಿಗೆ ಕಾಣುವ ಮಂಕು ನಕ್ಷತ್ರಕ್ಕಿಂತ ಒಂದು ಲಕ್ಷ ಪಟ್ಟು ಮಂಕು. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಾತಿಲ್ಲ. ಆದರೆ ಹತ್ತು ಇಂಚಿನ ದೂರದರ್ಶಕಕ್ಕೆ ಒಳ್ಳೆಯ ಕ್ಯಾಮೆರಾ ಹಾಕಿ, ಹಲವು ಫೋಟೊ ಒಂದರ ಮೇಲೊಂದು ಕೂಡಿಸಿದರೆ ಬರುತ್ತದೆ. ಹವ್ಯಾಸಿಗಳು ಬೇಕಾದಷ್ಟು ಜನ ಮಾಡಿದ್ದಾರೆ. ಈಗ ಅದು ತಿಮಿಂಗಿಲ ನಕ್ಷತ್ರಪುಂಜದಲ್ಲಿದೆ. ನವೆಂಬರ್ ನಡುವಿನಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ನಮ್ಮ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಇರುತ್ತದೆ. ದಿನಕ್ಕೆ ಚಂದ್ರನ ಅಗಲದ ಅರವತ್ತರಲ್ಲಿ ಒಂದು ಪಾಲು ಸರಿಯುವುದರಿಂದ, ಎರಡು ಮೂರು ದಿನ ಬಿಟ್ಟು ಎರಡು ಫೋಟೊ ತೆಗೆದರೆ ಸಾಕು, ತಪ್ಪಿಸಿಕೊಳ್ಳಲಾರದು. ಹಾಸನದ ಬೀದಿ ದೀಪದಲ್ಲಿ ಇದು ಆಗದ ಮಾತು. ಮೂಡಿಗೆರೆ ಕಡೆ ಸ್ನೇಹಿತನ ತೋಟವಿದೆ, ಒಳ್ಳೆ ಕತ್ತಲು. "ಹಣ್ಣು ಕೊಯ್ಲು ಶುರುವಾದ್ರೆ ನಿನ್ನ ಗ್ರಹ ನೋಡೋಕೆ ನನಗೆ ಪುರುಸೊತ್ತಿಲ್ಲ, ಬೇಗ ಬಾ" ಅಂದಿದ್ದಾನೆ. ಮಳೆ, ಮಂಜು ಬಿಡಬೇಕು, ಅಮಾವಾಸ್ಯೆ ಹತ್ತಿರ ಇರಬೇಕು, ಹುಡುಗನಿಗೆ ಪರೀಕ್ಷೆ ಇರಬಾರದು. ಕ್ಯಾಮೆರಾ ಹೇಗೋ ಹೊಂದಿಸಿದ್ದೇವೆ. ಹತ್ತು ಇಂಚಿನ ದೂರದರ್ಶಕ ಹಾಸನ, ಚಿಕ್ಕಮಗಳೂರು ಕಡೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಸಾಗಿಸುವ ಖರ್ಚು, ಊಟ ಎರಡೂ ನಮ್ಮದು.